ಮನೆಯೂ ಒಂದು ಅಮಾನತ್ತು



ಹಿರಿಯೂರು ತಾಲೂಕಿನ ಹರಿಯಬ್ಬೆಯಂತಹ ಬಯಲುಸೀಮೆಯ ಹಳ್ಳಿಯಲ್ಲಿ ಒಂದು ತುಂಬಿದ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ವಯಸ್ಸಾದ ಅತ್ತೆ ಮಾವ, ಶಾಲೆಗೆ ಹೋಗುವ ಮಕ್ಕಳು, ಕೊಟ್ಟಿಗೆಯಲ್ಲಿ ದನ, ಹೊಲದಲ್ಲಿ ಶೇಂಗಾ. ನೀರು ಬಂದ ಹೊತ್ತಿಗೆ ಹಿಡಿದಿಡಬೇಕು, ಬುತ್ತಿ ಕಟ್ಟಬೇಕು, ಹಿರಿಯರಿಗೆ ಮಾತ್ರೆ ಕೊಡಬೇಕು. ಇಷ್ಟನ್ನೂ ನೆನಪಿಟ್ಟುಕೊಳ್ಳುವ ಹೊರೆ ಹೆಚ್ಚಿನ ಮನೆಗಳಲ್ಲಿ ಒಬ್ಬಳದೇ. ಸಂಜೆಯಾಗುವಾಗ ಅವಳ ಸಹನೆ ಮುಗಿದಿರುತ್ತದೆ. ಮಾತು ಒರಟಾಗುತ್ತದೆ, ನಮಾಝ್ ಅವಸರದ್ದಾಗುತ್ತದೆ. ಆಗ ನಾವು ಅವಳ ಸ್ವಭಾವವನ್ನು ದೂರುತ್ತೇವೆಯೇ ಹೊರತು ಮನೆಯ ವ್ಯವಸ್ಥೆ ಸರಿಯಿದೆಯೇ ಎಂದು ನೋಡುವುದಿಲ್ಲ.

ಪ್ರತಿಯೊಬ್ಬನೂ ತನ್ನ ಅಧೀನದಲ್ಲಿರುವವರ ಮೇಲ್ವಿಚಾರಕನೆಂದೂ ಅವರ ಬಗ್ಗೆ ಅವನನ್ನು ಪ್ರಶ್ನಿಸಲಾಗುವುದೆಂದೂ ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆ ಹದೀಸ್‌ನಲ್ಲಿ ಪತ್ನಿಯನ್ನು ಹೆಸರಿಸಿದಂತೆಯೇ ಪತಿಯನ್ನೂ ಹೆಸರಿಸಲಾಗಿದೆ. ಆದ್ದರಿಂದ ಮನೆಯ ಅಚ್ಚುಕಟ್ಟು ಕೇವಲ ಅಡುಗೆಮನೆಯ ವಿಷಯವಲ್ಲ. ಅದು ಇಬ್ಬರ ಕೈಗೂ ಒಪ್ಪಿಸಲಾದ ಅಮಾನತ್ತು.

ಹ. ಫಾತಿಮಾ(ರ)ರ ಮನೆಯನ್ನು ನೋಡಿರಿ. ಬೀಸುವ ಕಲ್ಲು ತಿರುಗಿಸಿ ಅವರ ಕೈಗಳು ಬೊಬ್ಬೆ ಎದ್ದಿದ್ದವು. ಅವರು ತಂದೆಯ ಬಳಿ ಒಬ್ಬ ಸೇವಕನನ್ನು ಕೇಳಿದರು. ಹಸಿದಿದ್ದ ಸುಫ್ಫಾದ ಬಡವರನ್ನು ಬಿಟ್ಟು ಮಗಳಿಗೆ ಕೊಡಲು ಪ್ರವಾದಿವರ್ಯರು(ಸ) ಒಪ್ಪಲಿಲ್ಲ. ಅಂದು ರಾತ್ರಿ ತಾವೇ ಅವರ ಮನೆಗೆ ಹೋಗಿ, ಮಲಗುವ ಮುನ್ನ 33 ಬಾರಿ ಸುಬ್‌ಹಾನಲ್ಲಾಹ್, 33 ಬಾರಿ ಅಲ್‌ಹಮ್ದುಲಿಲ್ಲಾಹ್, 34 ಬಾರಿ ಅಲ್ಲಾಹು ಅಕ್ಬರ್ ಹೇಳಲು ಕಲಿಸಿದರು. ಹೆಣ್ಣು ಸಹಿಸಿಕೊಂಡಿರಲಿ ಎಂದು ಹೇಳಲು ಈ ಘಟನೆಯನ್ನು ಬಳಸುವವರಿದ್ದಾರೆ. ಅವರು ಇದರ ಇನ್ನೊಂದು ಭಾಗವನ್ನು ಮರೆಯುತ್ತಾರೆ. ನೀರು ಸೇದಿ ಸೇದಿ ತನ್ನ ಎದೆ ನೋಯುತ್ತಿದೆಯೆಂದು ಹ. ಅಲಿ(ರ)ಯವರೂ ಹೇಳಿದ್ದರು. ಒಬ್ಬರು ಬೀಸುತ್ತಿದ್ದರು, ಇನ್ನೊಬ್ಬರು ನೀರು ಸೇದುತ್ತಿದ್ದರು. ಅಲ್ಲಿ ಬಡತನವಿತ್ತು; ಆದರೆ ಒಬ್ಬರು ದುಡಿದು ಇನ್ನೊಬ್ಬರು ಕುಳಿತಿರಲಿಲ್ಲ. ಸ್ವತಃ ಪ್ರವಾದಿವರ್ಯರೂ(ಸ) ಮನೆಯಲ್ಲಿರುವಾಗ ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಝ್‌ನ ವೇಳೆಯಾದಾಗ ಎದ್ದು ಹೋಗುತ್ತಿದ್ದರು ಎಂದು ಹ. ಆಯಿಶಾ(ರ) ತಿಳಿಸಿದ್ದಾರೆ.

ಇನ್ನು ಸಮಯದ ವಿಷಯ. ನಮಗೆ ಹೊತ್ತು ಸಾಲುವುದಿಲ್ಲ ಎನ್ನುತ್ತೇವೆ. ಆದರೆ ಐದು ನಮಾಝ್‌ಗಳು ದಿನವನ್ನು ಆಗಲೇ ಭಾಗ ಮಾಡಿಕೊಟ್ಟಿವೆ. ಫಜ್ರ್ ಬಳಿಕ ತಂಪು ಹೊತ್ತಿನಲ್ಲಿ ಹೊಲ ಮತ್ತು ಕೊಟ್ಟಿಗೆಯ ಕೆಲಸ, ಅಸ್ರ್ ಬಳಿಕ ಮಕ್ಕಳ ಪಾಠ, ಇಶಾದ ಬಳಿಕ ವಿಶ್ರಾಂತಿ. ಕೆಲಸದ ನಡುವೆ ನಮಾಝನ್ನು ತುರುಕುವ ಬದಲು ನಮಾಝ್‌ಗಳ ನಡುವೆ ಕೆಲಸವನ್ನು ಹಂಚಿರಿ. ಮಗ್ರಿಬ್ ಬಳಿಕ ಮನೆಮಂದಿಯೆಲ್ಲ ಸ್ವಲ್ಪ ಹೊತ್ತು ಕುಳಿತು, ನಾಳೆ ನೀರು ಹಿಡಿಯುವವರು ಯಾರು, ಅಜ್ಜನನ್ನು ಆಸ್ಪತ್ರೆಗೆ ಕರೆದೊಯ್ಯುವವರು ಯಾರು ಎಂದು ತೀರ್ಮಾನಿಸಿಕೊಳ್ಳಿ. ಹಾಲುಣ್ಣುವ ಮಗುವಿಗೆ ಹಾಲು ಬಿಡಿಸುವುದನ್ನು ಕೂಡಾ ತಂದೆ ತಾಯಿ ಪರಸ್ಪರ ಒಪ್ಪಿ, ಸಮಾಲೋಚಿಸಿ ಮಾಡಬೇಕೆಂದು ಪವಿತ್ರ ಕುರ್‌ಆನ್ ಸೂಚಿಸಿದೆ. ಹಾಗಿರುವಾಗ ಉಳಿದ ವಿಷಯಗಳಲ್ಲಿ ಸಮಾಲೋಚನೆ ಬೇಡವೇ?

ಖರ್ಚಿನಲ್ಲಿಯೂ ಶಿಸ್ತು ಬೇಕು. ಮಳೆಯನ್ನೇ ನಂಬಿದ ಹೊಲದ ದುಡ್ಡು ಸುಗ್ಗಿಯಲ್ಲಿ ಒಮ್ಮೆ ಬರುತ್ತದೆ; ಹೊಟ್ಟೆ ಮಾತ್ರ ವರ್ಷವಿಡೀ ಕೇಳುತ್ತದೆ. ಬೆಳೆ ಮಾರಿದ ದಿನವೇ ಬಿತ್ತನೆ ಬೀಜ, ಶಾಲೆಯ ಖರ್ಚು, ಸಾಲ, ಝಕಾತ್ ಇವುಗಳನ್ನು ಪ್ರತ್ಯೇಕವಾಗಿ ತೆಗೆದಿಡಿರಿ. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವು ಸಾಲವನ್ನು ಬರೆದಿಡುವ ಕುರಿತಾಗಿದೆ. ಅಂಗಡಿಯ ಬಾಕಿ, ನೆರೆಯವರ ಕೈಸಾಲ, ಆಳಿನ ಕೂಲಿ ಎಲ್ಲವೂ ಒಂದು ಪುಸ್ತಕದಲ್ಲಿರಲಿ. ಅದು ಎಲ್ಲಿದೆಯೆಂದು ಪತ್ನಿಗೂ ತಿಳಿದಿರಲಿ. ಮನೆಯ ಯಜಮಾನ ಹಠಾತ್ತನೆ ತೀರಿಕೊಂಡರೆ, ಯಾರಿಗೆ ಎಷ್ಟು ಕೊಡಬೇಕೆಂದು ತಿಳಿಯದೆ ವಿಧವೆ ಕಣ್ಣೀರಿಡುವಂತಾಗಬಾರದು.

ನೀರಿನ ಬೆಲೆಯನ್ನು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವು 1933ರ ಬಳಿಕ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಸಮೃದ್ಧಿ ಕಂಡಾಗ ಕೈ ಬಿಗಿಹಿಡಿಯಲು ಇದಕ್ಕಿಂತ ದೊಡ್ಡ ಪಾಠ ಬೇಕೇ? ಪ್ರವಾದಿವರ್ಯರು(ಸ) ಒಂದು ಮುದ್ದ್, ಅಂದರೆ ಎರಡು ಕೈ ತುಂಬುವಷ್ಟು ನೀರಿನಲ್ಲಿ ವುಝೂ ಮುಗಿಸುತ್ತಿದ್ದರು. ನಮ್ಮ ಮಕ್ಕಳು ನಲ್ಲಿ ಬಿಟ್ಟು ವುಝೂ ಮಾಡುವಾಗ ಅದನ್ನು ನೆನಪಿಸಿರಿ.

ಕೊನೆಯದಾಗಿ ಒಂದು ಮಾತು. ಶಿಸ್ತಿನ ಹೆಸರಿನಲ್ಲಿ ಮನೆ ಠಾಣೆಯಾಗಬಾರದು. ಹ. ಅನಸ್(ರ) ಬಾಲ್ಯದಿಂದಲೇ ಹತ್ತು ವರ್ಷ ಪ್ರವಾದಿವರ್ಯರ(ಸ) ಸೇವೆಯಲ್ಲಿದ್ದರು. ಅಷ್ಟೂ ಕಾಲ ಒಮ್ಮೆಯೂ ಬೇಸರದ ಒಂದು ಉದ್ಗಾರವನ್ನು ಅವರು ಕೇಳಲಿಲ್ಲ. ಕೆಲಸ ಒಂದು ದಿನ ತಪ್ಪಿದರೆ ಮರುದಿನ ಮಾಡಬಹುದು. ಒಡೆದ ಮನಸ್ಸು ಅಷ್ಟು ಬೇಗ ಕೂಡುವುದಿಲ್ಲ.

ನಮ್ಮ ಸಂಗಾತಿಗಳನ್ನೂ ಮಕ್ಕಳನ್ನೂ ಅಲ್ಲಾಹನು ನಮ್ಮ ಕಣ್ಣಿಗೆ ತಂಪಾಗಿಸಲಿ. ಈ ಅಮಾನತ್ತಿನ ಲೆಕ್ಕ ಒಪ್ಪಿಸುವ ದಿನ ನಮ್ಮನ್ನು ನಾಚಿಕೆಗೀಡು ಮಾಡದಿರಲಿ. ಆಮೀನ್.