ಕೇಳಿಸಿಕೊಂಡವರ ಹೊಣೆ

ನನ್ನ ಬಾಲ್ಯದ ಮನೆಗೂ ಪಕ್ಕದ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಕೆಲವು ಸಂಜೆ ಆ ಕಡೆಯಿಂದ ಹುಡುಗಿಯೊಬ್ಬಳ ಅಳು ಕೇಳಿಸುತ್ತಿತ್ತು. ಅಳುವಿಗೆ ಮುಂಚೆ ಒಂದು ಗಡಸು ಸ್ವರ, ಆಮೇಲೆ ಬೆತ್ತದ ಸದ್ದು. ಆಗ ನಮ್ಮ ಮನೆಯಲ್ಲಿ ಯಾರಾದರೊಬ್ಬರು ಎದ್ದು ಹೋಗಿ ರೇಡಿಯೊದ ಸದ್ದನ್ನು ಸ್ವಲ್ಪ ಹೆಚ್ಚಿಸುತ್ತಿದ್ದರು. ಯಾರೂ ಏನೂ ಮಾತಾಡುತ್ತಿರಲಿಲ್ಲ. ನಮ್ಮ ಮನೆಯವರು ಕೆಟ್ಟವರಾಗಿರಲಿಲ್ಲ. ಹಬ್ಬದ ದಿನ ನಮ್ಮಿಂದ ಆ ಮನೆಗೆ ಪಾತ್ರೆ ಹೋಗುತ್ತಿತ್ತು, ಅಲ್ಲಿಂದ ನಮ್ಮಲ್ಲಿಗೂ ಬರುತ್ತಿತ್ತು. ಆ ಹುಡುಗಿಯ ತಂದೆ ಊರಿನಲ್ಲಿ ಮರ್ಯಾದಸ್ಥರು. 'ಮಕ್ಕಳನ್ನು ತಿದ್ದುವುದು ಹೆತ್ತವರ ಹಕ್ಕು, ನಮಗೇಕೆ ಊರ ಉಸಾಬರಿ' ಎಂಬಲ್ಲಿಗೆ ವಿಷಯ ಮುಗಿಯುತ್ತಿತ್ತು.

ಎಷ್ಟೋ ವರ್ಷ ಮರೆತೇಹೋಗಿದ್ದ ಈ ಸಂಗತಿಯನ್ನು ನೆನಪಿಗೆ ತಂದದ್ದು ಯಾವುದೇ ನೀತಿಗ್ರಂಥವಲ್ಲ, ಬಸ್ ನಿಲ್ದಾಣದ ಅಂಗಡಿಗಳಲ್ಲಿ ತೂಗುಹಾಕುವಂತಹ ಒಂದು ದಪ್ಪ ಇಂಗ್ಲಿಷ್ ಕಾದಂಬರಿ. ಅಮೆರಿಕದ ಲೇಖಕಿ ನೋರಾ ರಾಬರ್ಟ್ಸ್ 2000ದಲ್ಲಿ ಪ್ರಕಟಿಸಿದ 'ಕ್ಯಾರೊಲಿನಾ ಮೂನ್' ಅದರ ಹೆಸರು. ಸಣ್ಣ ಊರು, ಒಂದು ಹಳೆಯ ಕೊಲೆ, ಒಂದು ಪ್ರೇಮ, ಕೊನೆಯ ಪುಟಗಳವರೆಗೆ ಕಾಯ್ದಿಟ್ಟ ಒಂದು ಗುಟ್ಟು. ಈ ಜಾತಿಯ ಪುಸ್ತಕಗಳ ಬಗ್ಗೆ ಗಂಭೀರ ಓದುಗರ ಅಭಿಪ್ರಾಯ ನಮಗೆ ಗೊತ್ತೇ ಇದೆ. ಆದರೂ ಇದು ನನ್ನನ್ನು ಕೇಳಿದ ಪ್ರಶ್ನೆಯನ್ನು ಅನೇಕ ಗಂಭೀರ ಪುಸ್ತಕಗಳು ಕೇಳಿರಲಿಲ್ಲ.

ಕಥೆ ನಡೆಯುವುದು ಅಮೆರಿಕದ ದಕ್ಷಿಣ ಕ್ಯಾರೊಲಿನಾ ರಾಜ್ಯದ ಒಂದು ಕಾಲ್ಪನಿಕ ಊರಿನಲ್ಲಿ. ಊರಿನ ಹೆಸರು ಪ್ರೋಗ್ರೆಸ್, ಅಂದರೆ ಪ್ರಗತಿ. ಟೋರಿ ಬೋಡೀನ್ ಬಡವರ ಮನೆಯ ಎಂಟು ವರ್ಷದ ಹುಡುಗಿ. ಅವಳ ಜೀವದ ಗೆಳತಿ ಹೋಪ್, ಊರಿನ ದೊಡ್ಡ ಜಮೀನುದಾರರಾದ ಲವೆಲ್ ಮನೆತನದವಳು. ಒಂದು ರಾತ್ರಿ ಇಬ್ಬರೂ ಮನೆಯವರ ಕಣ್ಣು ತಪ್ಪಿಸಿ ಜೌಗುಕಾಡಿನ ತಮ್ಮ ಗುಪ್ತ ಜಾಗದಲ್ಲಿ ಸೇರುವುದೆಂದು ಮಾತಾಗಿರುತ್ತದೆ. ಟೋರಿಗೆ ಹೋಗಲಾಗುವುದಿಲ್ಲ, ಏಕೆಂದರೆ ಆ ರಾತ್ರಿ ಅವಳ ತಂದೆ ಬೆಲ್ಟಿನಿಂದ ಅವಳನ್ನು ಬಡಿದು ಮಲಗಿಸಿರುತ್ತಾನೆ. ಒಬ್ಬಳೇ ಹೋದ ಹೋಪ್ ಕೊಲೆಯಾಗುತ್ತಾಳೆ. ಹದಿನೆಂಟು ವರ್ಷಗಳ ಬಳಿಕ ಟೋರಿ ಆ ಊರಿಗೆ ಮರಳಿ ಬಂದು ಒಂದು ಅಂಗಡಿ ತೆರೆಯುತ್ತಾಳೆ. ಕಥೆ ಬೆಳೆಯುವುದು ಅಲ್ಲಿಂದ. ಹೋಪ್‌ಳ ಅಣ್ಣ ಕೇಡ್ ಅವಳನ್ನು ಪ್ರೀತಿಸತೊಡಗುತ್ತಾನೆ. ಕೊಲೆಗಾರ ಇನ್ನೂ ಬದುಕಿದ್ದಾನೆ, ಅವನ ಕೆಲಸವೂ ನಿಂತಿಲ್ಲ ಎಂಬುದು ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ.

ಟೋರಿಗೆ ಲೇಖಕಿ ಒಂದು ಅತೀಂದ್ರಿಯ ಶಕ್ತಿಯನ್ನು ಕೊಟ್ಟಿದ್ದಾರೆ. ಬೇರೆಯವರ ನೋವು, ಭಯ ಅವಳಿಗೆ ತನ್ನದೇ ಎಂಬಂತೆ ಕಾಣುತ್ತದೆ. ಹೋಪ್‌ಳ ಶವ ಎಲ್ಲಿದೆ ಎಂದು ತೋರಿಸಿದವಳೂ ಅವಳೇ. ಅವಳ ತಂದೆಯ ಪಾಲಿಗೆ ಇದು ಸೈತಾನನ ಕೆಲಸ. ದೇವರ ಹೆಸರು ಹೇಳುತ್ತಲೇ ಅವನು ಬೆಲ್ಟ್ ಎತ್ತುತ್ತಾನೆ. ಧರ್ಮವನ್ನು ನಂಬುವ ಯಾರೇ ಆದರೂ ಈ ಭಾಗವನ್ನು ಮುಜುಗರವಿಲ್ಲದೆ ಓದಲಾರರು. ಮನೆಯೊಳಗಿನ ದಬ್ಬಾಳಿಕೆ ದೇವರ ಹೆಸರನ್ನು ಹೊದ್ದುಕೊಂಡಾಗ ನೆರೆಯವರ ಬಾಯಿ ಇನ್ನಷ್ಟು ಬೇಗ ಕಟ್ಟಿಹೋಗುತ್ತದೆ. ಭಕ್ತನನ್ನು ಪ್ರಶ್ನಿಸಿದರೆ ಭಕ್ತಿಯನ್ನೇ ಪ್ರಶ್ನಿಸಿದಂತಾದೀತು ಎಂಬ ಅಂಜಿಕೆ. ಆದರೆ ದೇವರಿಗೆ ಅಪಚಾರ ಮಾಡುತ್ತಿರುವವನು ಪ್ರಶ್ನಿಸಿದವನೋ, ಆ ಹೆಸರಿನಲ್ಲಿ ಮಗುವನ್ನು ಬಡಿದವನೋ?

ಆ ಅತೀಂದ್ರಿಯ ಶಕ್ತಿಯನ್ನು ಪಕ್ಕಕ್ಕಿಟ್ಟು ನೋಡೋಣ. ಕೊಲೆಗಾರನನ್ನು ಹುಡುಕಲು ದಿವ್ಯದೃಷ್ಟಿ ಬೇಕಾಗಬಹುದು. ಆದರೆ ಎಂಟು ವರ್ಷದ ಹುಡುಗಿ ಪೆಟ್ಟು ತಿನ್ನುತ್ತಿದ್ದಾಳೆಂದು ತಿಳಿಯಲು ಯಾವ ದಿವ್ಯದೃಷ್ಟಿ ಬೇಕು? ಎಲ್ಲರಿಗೂ ಇರುವ ಎರಡು ಕಣ್ಣು, ಎರಡು ಕಿವಿ ಸಾಲದೆ? ಸಣ್ಣ ಊರಿನಲ್ಲಿ ಯಾರ ಮನೆಯಲ್ಲಿ ಇವತ್ತು ಯಾವ ಮೀನು ಬಂತು ಎಂಬುದು ಗೊತ್ತಿರುತ್ತದೆ, ಯಾರ ಮಗಳನ್ನು ನೋಡಲು ಯಾರು ಬಂದರು ಎಂಬುದು ಗೊತ್ತಿರುತ್ತದೆ. ಗೊತ್ತಿಲ್ಲದಿರುವುದು ಇದೊಂದೇ ಏಕೆ?

ನಿರ್ದಯತೆಯನ್ನು ನಾವು ಸಾಮಾನ್ಯವಾಗಿ ದೊಡ್ಡ ನಗರಗಳ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಅದಕ್ಕೊಂದು ಪ್ರಸಿದ್ಧ ಉದಾಹರಣೆಯೂ ಇದೆ. 1964ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನಲ್ಲಿ ಕಿಟ್ಟಿ ಜಿನೋವೀಸ್ ಎಂಬ ಯುವತಿಯ ಕೊಲೆಯಾಯಿತು. 38 ಮಂದಿ ಕಿಟಕಿಯಿಂದ ನೋಡುತ್ತಿದ್ದರೂ ಒಬ್ಬರೂ ಪೊಲೀಸರನ್ನು ಕರೆಯಲಿಲ್ಲ ಎಂದು ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಜಗತ್ತು ಬೆಚ್ಚಿಬಿತ್ತು. ಇದರ ಬೆನ್ನಿಗೆ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ನಡೆಸಿ 1968ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಬೇರೆ ಕೋಣೆಯಲ್ಲಿ ಯಾರೋ ಮೂರ್ಛೆ ಹೋಗುತ್ತಿರುವ ಸದ್ದು ಕೇಳುತ್ತದೆ. ಇದನ್ನು ಕೇಳುತ್ತಿರುವವನು ತಾನೊಬ್ಬನೇ ಎಂದುಕೊಂಡವರಲ್ಲಿ ಶೇ. 85 ಮಂದಿ ಆ ಸದ್ದು ನಿಲ್ಲುವ ಮೊದಲೇ ನೆರವಿಗೆ ಎದ್ದರು. ತನ್ನ ಜೊತೆ ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಹಾಗೆ ಎದ್ದವರು ಶೇ. 31 ಮಾತ್ರ. ಹೊಣೆ ಹಂಚಿಹೋದಾಗ ಯಾರ ಪಾಲಿಗೂ ಏನೂ ಉಳಿಯುವುದಿಲ್ಲ.

ಆದರೆ ಆ ಸುದ್ದಿಯ ಮುಂದಿನ ಭಾಗವೂ ಮುಖ್ಯ. ಅಂದಿನ ವರದಿಯಲ್ಲಿ ಉತ್ಪ್ರೇಕ್ಷೆ ಇತ್ತು ಎಂದು 2016ರಲ್ಲಿ ಅದೇ ಪತ್ರಿಕೆ ಒಪ್ಪಿಕೊಂಡಿತು. ಪೂರ್ತಿ ದೃಶ್ಯವನ್ನು ಕಂಡವರು ಅಷ್ಟು ಮಂದಿ ಇರಲೇ ಇಲ್ಲ. ಅಷ್ಟೇ ಅಲ್ಲ, ಅದೇ ಕಟ್ಟಡದ ಒಬ್ಬ ಮಹಿಳೆ ಕೊಲೆಗಾರ ಇನ್ನೂ ಅಲ್ಲೇ ಇರಬಹುದೆಂಬ ಯೋಚನೆಯನ್ನೂ ಮಾಡದೆ ಕೆಳಗೆ ಓಡಿಹೋಗಿ, ಸಾಯುತ್ತಿದ್ದ ಹುಡುಗಿಯನ್ನು ತೋಳಿನಲ್ಲಿ ಹಿಡಿದುಕೊಂಡಿದ್ದಳು. ಪರಿಚಯವೇ ಇಲ್ಲದವರ ನಗರ ಎಂದು ನಾವು ಶಪಿಸುವ ನಗರದಲ್ಲಿ ಒಬ್ಬಳು ಮೆಟ್ಟಿಲಿಳಿದು ಬಂದಳು. ಎಲ್ಲರಿಗೆ ಎಲ್ಲರೂ ಪರಿಚಯವಿದ್ದ ನನ್ನ ಊರಿನಲ್ಲಿ ಯಾರೂ ಒಂದು ಗೋಡೆ ದಾಟಲಿಲ್ಲ.

ಆದ್ದರಿಂದ ಪ್ರಯೋಗಾಲಯದ ವಿವರಣೆ ಸಣ್ಣ ಊರಿಗೆ ಪೂರ್ತಿ ಸಾಲದು. ನಗರದವನು ಸುಮ್ಮನಿರುವುದು 'ಇವರು ನನಗೆ ಯಾರೋ' ಎಂದು. ಸಣ್ಣ ಊರಿನವನು ಸುಮ್ಮನಿರುವುದು 'ಇವರು ನಮ್ಮವರು' ಎಂದು. ನಾಳೆ ಅಂಗಡಿಯಲ್ಲಿ ಮುಖ ನೋಡಬೇಕು, ಮದುವೆಯಲ್ಲಿ ಒಂದೇ ಪಂಕ್ತಿಯಲ್ಲಿ ಕೂರಬೇಕು, ಕಷ್ಟ ಬಂದರೆ ಅವರ ಬಾಗಿಲಿಗೇ ಹೋಗಬೇಕು. ಈ ಹತ್ತಿರದ ಸಂಬಂಧವೇ ಬಾಯಿ ಮುಚ್ಚಿಸುತ್ತದೆ. ಇನ್ನೂ ಕೆಟ್ಟದ್ದೆಂದರೆ, ನಗರದವನ ಮೌನವನ್ನು ಜನ ಹೇಡಿತನ ಎನ್ನುತ್ತಾರೆ. ಸಣ್ಣ ಊರಿನವನ ಮೌನವನ್ನು ಸಭ್ಯತೆ ಎನ್ನುತ್ತಾರೆ. ತಪ್ಪು ಒಂದು ಸದ್ಗುಣದ ಹೆಸರು ಪಡೆದ ಮೇಲೆ ಅದನ್ನು ತಿದ್ದುವುದು ಬಹಳ ಕಷ್ಟ.

ಕಾನೂನು ಇಲ್ಲಿ ಎಷ್ಟು ಸಹಾಯ ಮಾಡೀತು? ಅಮೆರಿಕದಲ್ಲಿ ಹೆನ್ರಿ ಕೆಂಪ್ ಎಂಬ ಮಕ್ಕಳ ವೈದ್ಯರು ಮತ್ತು ಅವರ ಸಂಗಡಿಗರು 1962ರಲ್ಲಿ ಒಂದು ಲೇಖನ ಪ್ರಕಟಿಸಿ, ಆಸ್ಪತ್ರೆಗೆ ಬರುವ ಎಷ್ಟೋ ಮಕ್ಕಳ ಮುರಿದ ಮೂಳೆಗಳಿಗೆ ಬಿದ್ದದ್ದಲ್ಲ, ಹೊಡೆದದ್ದು ಕಾರಣ ಎಂದು ತೋರಿಸಿದರು. ಅದಾಗಿ ಕೆಲವೇ ವರ್ಷಗಳಲ್ಲಿ ಆ ದೇಶದ ರಾಜ್ಯಗಳೆಲ್ಲ ಇಂತಹ ಪ್ರಕರಣಗಳನ್ನು ವರದಿ ಮಾಡಬೇಕೆಂಬ ಕಾನೂನು ತಂದವು. ನಮ್ಮಲ್ಲಿ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕುರಿತ 2012ರ ಪೋಕ್ಸೊ ಕಾಯ್ದೆ, ವಿಷಯ ತಿಳಿದವರು ಅದನ್ನು ತಿಳಿಸದಿರುವುದನ್ನೇ ಶಿಕ್ಷಾರ್ಹ ಮಾಡಿತು. 1098 ಎಂಬ ಮಕ್ಕಳ ಸಹಾಯವಾಣಿಯೂ ಇದೆ. ಇವೆಲ್ಲ ಬೇಕಾದವೇ. ಆದರೆ ಫೋನ್ ಎತ್ತಬೇಕಾದ ಕೈ ನಮ್ಮದೇ. ಆ ಕೈ ರೇಡಿಯೊದ ಗುಂಡಿಯ ಕಡೆಗೆ ಹೋದರೆ ಯಾವ ಕಾಯ್ದೆ ಏನು ಮಾಡೀತು?

ಇನ್ನು ಈ ಕಾದಂಬರಿಯನ್ನು ಬರೆದವರ ಬಗ್ಗೆ. ನೋರಾ ರಾಬರ್ಟ್ಸ್ ಹುಟ್ಟಿದ್ದು 1950ರಲ್ಲಿ, ಮೇರಿಲ್ಯಾಂಡ್ ರಾಜ್ಯದಲ್ಲಿ. ಐದು ಮಕ್ಕಳಲ್ಲಿ ಕೊನೆಯವರು. 1979ರ ಫೆಬ್ರವರಿಯಲ್ಲಿ ಭಾರೀ ಹಿಮಪಾತವಾಗಿ ರಸ್ತೆಗಳು ಮುಚ್ಚಿದಾಗ ಇಬ್ಬರು ಪುಟ್ಟ ಗಂಡುಮಕ್ಕಳೊಂದಿಗೆ ಮನೆಯಲ್ಲಿ ಸಿಕ್ಕಿಕೊಂಡಿದ್ದ ಈ ಗೃಹಿಣಿ ಹೊತ್ತು ಕಳೆಯಲು ನೋಟುಪುಸ್ತಕದಲ್ಲಿ ಕಥೆ ಬರೆಯತೊಡಗಿದರು. ಪ್ರೇಮಕಾದಂಬರಿಗಳ ದೊಡ್ಡ ಪ್ರಕಾಶನವಾದ ಹಾರ್ಲೆಕ್ವಿನ್ ಹಸ್ತಪ್ರತಿಗಳನ್ನು ಮರಳಿಸಿತು. ತಮ್ಮ ಬಳಿ ಈಗಾಗಲೇ ಒಬ್ಬ ಅಮೆರಿಕನ್ ಲೇಖಕಿ ಇದ್ದಾರೆ ಎಂಬುದು ಅವರು ಕೊಟ್ಟ ಒಂದು ಕಾರಣವಾಗಿತ್ತು ಎಂದು ರಾಬರ್ಟ್ಸ್ ಹೇಳಿಕೊಂಡಿದ್ದಾರೆ. ಮೊದಲ ಕಾದಂಬರಿ 1981ರಲ್ಲಿ ಸಿಲೂಯೆಟ್ ಎಂಬ ಇನ್ನೊಂದು ಪ್ರಕಾಶನದಿಂದ ಬಂತು. ಅಲ್ಲಿಂದ ಈವರೆಗೆ ಅವರ ಕಾದಂಬರಿಗಳ ಸಂಖ್ಯೆ ಇನ್ನೂರನ್ನು ದಾಟಿದೆ. ಅವರು ಸ್ವತಃ ಸಣ್ಣ ಊರಿನವರೇ. ಬೂನ್ಸ್‌ಬರೊ ಎಂಬ ಊರಿನ ಸಮೀಪ ನೆಲೆಸಿದ್ದಾರೆ. ಆ ಊರಿನಲ್ಲಿ ಅವರ ಪತಿ 1995ರಲ್ಲಿ ಪುಸ್ತಕದಂಗಡಿ ತೆರೆದರು. ಬೆಂಕಿಗೆ ಸಿಕ್ಕಿದ್ದ ಅಲ್ಲಿನ ಹಳೆಯ ಕಟ್ಟಡವೊಂದನ್ನು ಮತ್ತೆ ಕಟ್ಟಿಸಿ 2009ರಲ್ಲಿ ವಸತಿಗೃಹ ಮಾಡಿದರು.

ಹಾರ್ಲೆಕ್ವಿನ್ ಬಳಿ ಆಗಲೇ ಇದ್ದ ಆ ಅಮೆರಿಕನ್ ಲೇಖಕಿ ಜಾನೆಟ್ ಡೇಲಿ. ವಿಧಿಯ ವ್ಯಂಗ್ಯ ನೋಡಿ. 1997ರಲ್ಲಿ ಓದುಗರೊಬ್ಬರು ಡೇಲಿ ಮತ್ತು ರಾಬರ್ಟ್ಸ್ ಅವರ ಕಾದಂಬರಿಗಳನ್ನು ಒಂದರ ಹಿಂದೊಂದು ಓದುವಾಗ ವಾಕ್ಯಗಳು ಒಂದೇ ತರಹ ಇರುವುದನ್ನು ಗುರುತಿಸಿದರು. ವಿಷಯ ಬಯಲಾಯಿತು. ಡೇಲಿ ತಪ್ಪೊಪ್ಪಿಕೊಂಡು ಮಾನಸಿಕ ತೊಂದರೆಯ ಕಾರಣ ಕೊಟ್ಟರು. ಮೊಕದ್ದಮೆ 1998ರಲ್ಲಿ ರಾಜಿಯಲ್ಲಿ ಮುಗಿಯಿತು. ಬಂದ ಹಣವನ್ನು ರಾಬರ್ಟ್ಸ್ ಸಾಕ್ಷರತೆಗಾಗಿ ದುಡಿಯುವ ಸೇವೆಗೆ ಕೊಟ್ಟುಬಿಟ್ಟರು.

ಈ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಾಣುವವರು ಕದ್ದವರೂ ಅಲ್ಲ, ಕಳೆದುಕೊಂಡವರೂ ಅಲ್ಲ. ಕಂಡದ್ದನ್ನು ಹೇಳಿದ ಆ ಓದುಗ. 'ಪ್ರೇಮಕಾದಂಬರಿ ತಾನೆ, ಎಲ್ಲ ಒಂದೇ ತರಹ ಇರುತ್ತವೆ' ಎಂದು ಪುಸ್ತಕ ಮುಚ್ಚಿಡುವುದು ಎಷ್ಟು ಸುಲಭವಿತ್ತು! ಯಾವುದನ್ನು ಸಮಾಜ ಕ್ಷುಲ್ಲಕ ಎಂದು ತೀರ್ಮಾನಿಸುತ್ತದೋ ಅದಕ್ಕೆ ಆಗುವ ಅನ್ಯಾಯವೂ ಕ್ಷುಲ್ಲಕವಾಗುತ್ತದೆ. ಹೆಂಗಸರು ಹೆಂಗಸರಿಗಾಗಿ ಬರೆದದ್ದು ಕ್ಷುಲ್ಲಕ. ಮಗುವಿನ ಅಳು ಕ್ಷುಲ್ಲಕ. ನಾಲ್ಕು ಗೋಡೆಯ ನಡುವಿನದೆಲ್ಲ ಮನೆಯ ವಿಷಯ. ಕನ್ನಡದಲ್ಲೂ ಲೇಖಕಿಯರ ಬರಹವನ್ನು 'ಅಡುಗೆಮನೆ ಸಾಹಿತ್ಯ' ಎಂದು ಹಂಗಿಸಿದ ಕಾಲವಿತ್ತು. ಆದರೆ ಮನಸ್ಸು ಕೆಟ್ಟು ಗುಣವಾಗಿ ಬಂದ ಹೆಣ್ಣನ್ನು ಮನೆ ಮತ್ತು ನೆರೆ ಸೇರಿ ಹೇಗೆ ಮತ್ತೆ ಅಲ್ಲಿಗೇ ತಳ್ಳುತ್ತವೆ ಎಂಬುದನ್ನು ನಮಗೆ ಹೇಳಿದ್ದು ತ್ರಿವೇಣಿಯವರ 'ಶರಪಂಜರ'ದಂತಹ ಜನಪ್ರಿಯ ಕಾದಂಬರಿಯೇ ಅಲ್ಲವೆ?

ಹಾಗೆಂದು ಈ ಬಗೆಯ ಕಾದಂಬರಿಯ ಮಿತಿಯನ್ನು ಮುಚ್ಚಿಡಬೇಕಾಗಿಲ್ಲ. 'ಕ್ಯಾರೊಲಿನಾ ಮೂನ್'ನ ಕೊಲೆಗಾರ ಯಾರೆಂದು ಇಲ್ಲಿ ಹೇಳಿ ಓದುಗರ ಸ್ವಾರಸ್ಯ ಕೆಡಿಸುವುದಿಲ್ಲ. ಅವನು ಹೊರಗಿನಿಂದ ಬಂದವನಲ್ಲ, ಊರಿಗೆ ಬೇಕಾದವನು ಎಂದಷ್ಟೇ ಹೇಳಿದರೆ ಸಾಕು. ಸಂಶಯ ಬಂದೊಡನೆ ಪರಕೀಯನ ಕಡೆಗೆ ಬೆರಳು ತೋರಿಸುವ ಲೋಕದಲ್ಲಿ ಇದು ಪ್ರಾಮಾಣಿಕವಾದ ಆಯ್ಕೆ. ಆದರೆ ಅವನು ಸಿಕ್ಕಿಬಿದ್ದೊಡನೆ ಊರು ಶುದ್ಧವಾಗಿಬಿಡುತ್ತದೆ. ಪಾಪಕ್ಕೆ ಒಂದು ಹೆಸರು, ಒಂದು ವಿಳಾಸ ಸಿಕ್ಕಿತು. ಉಳಿದವರೆಲ್ಲ ನೆಮ್ಮದಿಯಿಂದ ಮಲಗಬಹುದು. ಕೊಲೆಗಾರನಿಗೆ ಬೇಡಿ ತೊಡಿಸಬಹುದು, ಸುಮ್ಮನಿದ್ದ ಊರಿಗೆ ಯಾರು ತೊಡಿಸುತ್ತಾರೆ? ಲವೆಲ್ ಮನೆತನದ ಭವ್ಯ ಬಂಗಲೆಯ ಹೆಸರಿಗೆ 'ಸುಂದರ ಕನಸುಗಳು' ಎಂದು ಅರ್ಥ. ಅಂತಹ ಬಂಗಲೆಗಳು ಎದ್ದ ಆ ರಾಜ್ಯದಲ್ಲಿ 1860ರ ಜನಗಣತಿಯ ವೇಳೆಗೆ ಅರ್ಧಕ್ಕಿಂತ ಹೆಚ್ಚು ಜನ ಗುಲಾಮರಾಗಿದ್ದರು. ಅವರ ಅಳುವನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳದ ಊರುಗಳೇ ಅಲ್ಲಿದ್ದವು. ಮೌನದ ಅಭ್ಯಾಸ ಒಂದು ತಲೆಮಾರಿನದಲ್ಲ. ಇಷ್ಟು ದೂರ ನೋಡುವುದು ಈ ಪ್ರೇಮಕಥೆಯ ಉದ್ದೇಶವಲ್ಲ. ಓದುವ ನಾವು ನೋಡಬಹುದು.

ಆದರೂ ಕಾದಂಬರಿಯ ಒಂದು ಸಂಗತಿ ನನ್ನಲ್ಲಿ ಉಳಿದುಕೊಂಡಿದೆ. ಟೋರಿ ಮರಳಿ ಬರುತ್ತಾಳೆ. ಸೇಡಿಗಾಗಿ ಅಲ್ಲ, ಅಂಗಡಿ ತೆರೆದು, ಬಾಗಿಲು ಗುಡಿಸಿ, ಬಂದವರನ್ನು ಮಾತಾಡಿಸುತ್ತಾಳೆ. ಅವಳು ಎದುರಿಗೆ ನಿಂತಿರುವುದೇ ಊರಿಗೆ ಒಂದು ಪ್ರಶ್ನೆ. ಹೋಪ್‌ಳ ತಾಯಿಗೆ ಅವಳನ್ನು ಕಂಡರೆ ಆಗದು. ನೊಂದವರು ದೂರವಿದ್ದರೆ ಕನಿಕರ ಸುಲಭ, ಹತ್ತಿರ ಬಂದರೆ ನಮ್ಮ ಲೆಕ್ಕ ಹೊರಗೆ ಬರುತ್ತದೆ.

ನನ್ನ ಲೆಕ್ಕವೂ ಹಾಗೆಯೇ ಹೊರಗೆ ಬಂತು. ಕೆಲವು ವರ್ಷಗಳ ಹಿಂದೆ ಒಂದು ಮದುವೆ ಮನೆಯಲ್ಲಿ ಪಕ್ಕದ ಮನೆಯ ಆ ಹುಡುಗಿ ಸಿಕ್ಕಿದಳು. ಈಗ ಬೆಳೆದ ಮಕ್ಕಳ ತಾಯಿ. ಹಳೆಯ ಮನೆ, ಬಾವಿ, ಹಿತ್ತಲ ಪೇರಳೆ ಮರ ಎಲ್ಲವೂ ಮಾತಿನಲ್ಲಿ ಬಂದವು. ನಡುವೆ ಅವಳು ನಗುತ್ತಲೇ, "ನಿಮ್ಮ ಮನೆಯ ರೇಡಿಯೊ ನಮಗೆ ಚೆನ್ನಾಗಿ ಕೇಳಿಸುತ್ತಿತ್ತು" ಎಂದಳು. ಅದರಲ್ಲಿ ಆರೋಪವಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಆ ಗೋಡೆ ಎರಡೂ ಕಡೆಗೆ ಅಷ್ಟೇ ತೆಳುವಾಗಿತ್ತು ಎಂಬುದು ನನಗೆ ಅಂದೇ ಮೊದಲು ಹೊಳೆದದ್ದು. ನಾವು ಕೇಳಿಸಿಕೊಳ್ಳುತ್ತಿದ್ದೇವೆ ಎಂಬುದು ಅವಳಿಗೆ ಗೊತ್ತಿತ್ತು. ರೇಡಿಯೊದ ಸದ್ದು ಏರಿದಾಗಲೆಲ್ಲ, ಯಾರೂ ಬರುವುದಿಲ್ಲ ಎಂಬುದೂ ಗೊತ್ತಾಗುತ್ತಿತ್ತು.

ಅವಳ ಕ್ಷಮೆ ಕೇಳಬೇಕೆಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಯಾರೋ ಊಟಕ್ಕೆ ಕರೆದರು. ಎದ್ದು ಹೋದೆ.