ಇಂದಿನ ಧಮ್ಮ ಚಿಂತನೆ: ಯಾರ ತಂತಿ, ಯಾರ ಬಿರಡೆ?



ಅಂಗುತ್ತರ ನಿಕಾಯದಲ್ಲಿ ಬರುವ ಸೋಣನ ಕಥೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಸೋಣ ಶ್ರೀಮಂತರ ಮನೆಯ ಹುಡುಗ. ಭಿಕ್ಖುವಾದ ಮೇಲೆ ರಾಜಗೃಹದ ಹತ್ತಿರದ ಸೀತವನದಲ್ಲಿ ಕಾಲಲ್ಲಿ ರಕ್ತ ಬರುವಷ್ಟು ನಡೆದು ಸಾಧನೆ ಮಾಡಿದ. ಮನಸ್ಸು ಬಿಡುಗಡೆಯಾಗಲಿಲ್ಲ. ಮನೆಗೆ ವಾಪಸ್ ಹೋಗೋಣ ಎಂದುಕೊಂಡ. ಆಗ ಭಗವಾನ್ ಬುದ್ಧರು ಅವನಿಗೆ ಚೆನ್ನಾಗಿ ಗೊತ್ತಿದ್ದ ವೀಣೆಯ ಬಗ್ಗೆಯೇ ಕೇಳಿದರು. ತಂತಿ ಅತಿ ಬಿಗಿಯಾದರೂ ನುಡಿಯದು, ಅತಿ ಸಡಿಲವಾದರೂ ನುಡಿಯದು ಎಂಬುದನ್ನು ಅವನ ಬಾಯಿಂದಲೇ ಹೇಳಿಸಿದರು.

ಈ ಕಥೆಯನ್ನು ನಾನು ಎಷ್ಟೋ ಸಲ ಅಧ್ಯಯನ ವರ್ಗದಲ್ಲಿ ಹೇಳಿದ್ದೇನೆ. ಆದರೆ ಯಾವ ವಾದ್ಯದ ತಂತಿಯನ್ನೂ ಮುಟ್ಟಿದವನಲ್ಲ. ಕಳೆದ ತಿಂಗಳು ಮಗಳಿಗೆ ಗಿಟಾರ್ ತಂದಾಗ ಟ್ಯೂನ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಆರು ತಂತಿ, ಆರು ಬಿರಡೆ. ಫೋನಿನಲ್ಲಿ ಟ್ಯೂನರ್ ಹಾಕಿಕೊಂಡೆ. ಮುಳ್ಳು ಎಡಕ್ಕಿದ್ದರೆ ತಂತಿ ಸಡಿಲ, ಬಲಕ್ಕಿದ್ದರೆ ಬಿಗಿ, ನಡುವೆ ನಿಂತರೆ ಸರಿ. ಎರಡನೇ ತಂತಿ ಮೀಟುತ್ತಾ ಬಿರಡೆ ತಿರುಗಿಸಿದೆ. ಮುಳ್ಳು ಕದಲಲಿಲ್ಲ. ಇನ್ನೂ ತಿರುಗಿಸಿದೆ. ಕದಲಲಿಲ್ಲ. ಸಿಟ್ಟು ಬಂದು ಇನ್ನೆರಡು ಸುತ್ತು ತಿರುಗಿಸಿದೆ. ಫಟ್ ಅಂತ ಒಂದನೇ ತಂತಿ ಹರಿಯಿತು. ನಾನು ಮೀಟುತ್ತಿದ್ದದ್ದು ಒಂದು ತಂತಿ, ಬಿಗಿ ಮಾಡುತ್ತಿದ್ದದ್ದು ಇನ್ನೊಂದು!

ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಅವ್ವ ನೆನಪಾದಳು.

ದೀಕ್ಷೆ ಪಡೆದ ವಾರದಲ್ಲೇ ನಾನು ಅವ್ವನ ಕೋಣೆಯಿಂದ ಯಲ್ಲಮ್ಮನ ಫೋಟೊ ತೆಗೆದು ಅಟ್ಟಕ್ಕೆ ಹಾಕಿದ್ದೆ. ಅವಳು ಜಗಳ ಮಾಡಲಿಲ್ಲ. ಮಾತು ಕಡಿಮೆ ಮಾಡಿದಳು, ಊಟ ಕಡಿಮೆ ಮಾಡಿದಳು. ಬೆಳಗ್ಗೆ ಎದ್ದು ಗೋಡೆಯ ಖಾಲಿ ಮೊಳೆಗೆ ಕೈ ಮುಗಿಯುತ್ತಿದ್ದಳು. ನಾನು ಇನ್ನಷ್ಟು ಬಿಗಿಯಾದೆ. ಊರ ಗುಡಿಯ ಹೊರಗೆ ನಿಂತ ಬಾಲ್ಯದ ಅವಮಾನ ನನ್ನೊಳಗೆ ನುಡಿಯುತ್ತಿತ್ತು. ಆದರೆ ನಾನು ತಿರುಗಿಸುತ್ತಿದ್ದದ್ದು ಅವ್ವನ ಬಿರಡೆ.

ಹೊಸ ತಂತಿ ಹಾಕಿಕೊಟ್ಟ ಪಕ್ಕದ ಮನೆಯ ಹುಡುಗ ಕಿವಿಯಿಂದಲೇ ಟ್ಯೂನ್ ಮಾಡುವುದನ್ನು ತೋರಿಸಿದ. ಆರನೇ ತಂತಿಯನ್ನು ಐದನೇ ಮನೆಯಲ್ಲಿ ಒತ್ತಿ ಮೀಟಬೇಕು, ಜೊತೆಗೆ ಐದನೇ ತಂತಿಯನ್ನೂ ಮೀಟಬೇಕು. ಎರಡೂ ಸೇರದಿದ್ದರೆ ಸ್ವರ ‘ವಾಂವ್ ವಾಂವ್’ ಎಂದು ಅಲೆಯಾಡುತ್ತದೆ. ಹತ್ತಿರ ಬಂದಷ್ಟೂ ಅಲೆ ನಿಧಾನವಾಗುತ್ತದೆ. ಕೂಡಿದಾಗ ನಿಲ್ಲುತ್ತದೆ. ಹೊಸ ತಂತಿ ಮಾರನೇ ದಿನ ಮತ್ತೆ ಇಳಿದಿರುತ್ತದೆ, ಮತ್ತೆ ಕೇಳಿ ಸರಿಮಾಡಬೇಕು.

ಮಧ್ಯಮ ಮಾರ್ಗ ಎಂದರೆ ಅರ್ಧ ಬಿಗಿ, ಅರ್ಧ ಸಡಿಲ ಎಂದುಕೊಂಡಿದ್ದೆ. ಹಾಗಲ್ಲ. ಪ್ರತಿ ತಂತಿಗೂ ಅದರದೇ ಆದ ಒಂದು ಖಚಿತ ಸ್ವರವಿದೆ. ಅದು ಸಿಗುವುದು ಕೇಳುವುದರಿಂದ, ಬಲದಿಂದಲ್ಲ. ಬುದ್ಧರು ಸೋಣನಿಗೆ ಸಮ ಮಾಡಿಕೋ ಎಂದದ್ದು ಅವನದೇ ವೀರ್ಯವನ್ನು, ಅಂದರೆ ಅವನದೇ ಪ್ರಯತ್ನವನ್ನು.

ಹಾಗಾದರೆ ಜಾತಿಯ ವಿಷಯದಲ್ಲಿ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅನ್ನುವವರ ಮಾತು ಮಧ್ಯಮ ಮಾರ್ಗವೆ? ಖಂಡಿತ ಅಲ್ಲ. ಅದು ಸಡಿಲ ತಂತಿ, ಅದರಿಂದ ಸ್ವರವೇ ಹೊರಡದು. ನಮ್ಮ 22 ಪ್ರತಿಜ್ಞೆಗಳು ಒಂದು ಕೂದಲೆಳೆಯಷ್ಟೂ ಸಡಿಲವಾಗಬಾರದು. ಆದರೆ ಅವುಗಳಲ್ಲಿ ಮಾತಾಡುವುದು ‘ನಾನು’. ‘ನಿನ್ನ ಕೈಯಲ್ಲಿ ಮಾಡಿಸುತ್ತೇನೆ’ ಎಂಬ ಪ್ರತಿಜ್ಞೆ ಅಲ್ಲಿಲ್ಲ. ಬಾಬಾಸಾಹೇಬರು 1935ರಲ್ಲಿ ಯೇವಲೆಯಲ್ಲಿ ಘೋಷಿಸಿ, 21 ವರ್ಷ ಓದಿ, ಯೋಚಿಸಿ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಮೊದಲು ತಾವು ದೀಕ್ಷೆ ಪಡೆದರು. ಆಮೇಲೆ ಜನರಿಗೆ ಕೊಟ್ಟರು. ಬುದ್ಧರ ದಾರಿ ಬಲವಂತದ್ದಲ್ಲ, ಮನಸ್ಸನ್ನು ಬದಲಿಸುವ ದಾರಿ ಎಂದು ‘ಬುದ್ಧ ಅಥವಾ ಕಾರ್ಲ್ ಮಾರ್ಕ್ಸ್’ನಲ್ಲಿ ವಾದಿಸಿದವರೂ ಅವರೇ.

ಮೊನ್ನೆ ಅಟ್ಟದಿಂದ ಫೋಟೊ ಇಳಿಸಿ, ಧೂಳು ಒರೆಸಿ ಅವ್ವನ ಕೈಗೆ ಕೊಟ್ಟೆ. “ಅವ್ವಾ, ನಾನಂತೂ ಕೈ ಮುಗಿಯಲ್ಲ. ನಿನ್ನ ಕೇಳದೆ ತೆಗೆದದ್ದು ನನ್ನ ತಪ್ಪು” ಅಂದೆ. ಅವಳು ಏನೂ ಹೇಳದೆ ಫೋಟೊವನ್ನು ಮೊಳೆಗೆ ಹಾಕಿದಳು. ನಮ್ಮ ವಂದನೆಗೆ ಅವಳು ಇನ್ನೂ ಬಂದು ಕೂತಿಲ್ಲ. ಆದರೆ ರಾತ್ರಿ ಊಟ ಬಡಿಸುತ್ತಾ ಕೇಳಿದಳು: “ನೀನು ಹೇಳ್ತಿರ್ತೀಯಲ್ಲ, ಆ ವೀಣೆ ಹುಡುಗ, ಅವನ ಕಾಲು ವಾಸಿ ಆಯ್ತೇನಪ್ಪಾ?”

ಇಷ್ಟು ವರ್ಷ ಆ ಕಥೆ ಹೇಳಿದ ನಾನು ಒಂದು ಸಲವೂ ಅವನ ಕಾಲಿನ ಬಗ್ಗೆ ಯೋಚಿಸಿರಲಿಲ್ಲ.

ಇಂದಿನ ಅಭ್ಯಾಸ: ಮನೆಯಲ್ಲಿ ಯಾರನ್ನಾದರೂ ತಿದ್ದಲು ಹೊರಟಾಗ ಒಂದು ಕ್ಷಣ ನಿಂತು ಕೇಳಿಕೊಳ್ಳೋಣ. ಈಗ ನುಡಿಯುತ್ತಿರುವುದು ಯಾರ ತಂತಿ? ನನ್ನ ಕೈ ಇರುವುದು ಯಾರ ಬಿರಡೆಯ ಮೇಲೆ?

ನಮೋ ಬುದ್ಧಾಯ. ಜೈಭೀಮ್. 🙏