ಅಧಿಕಾರ ತ್ಯಾಗದ ಪ್ರಶ್ನೆ ಮತ್ತು ನಜೀರ್ ಸಾಬ್

ಅಧಿಕಾರದಲ್ಲಿ ಇದ್ದುಕೊಂಡೇ ಅಧಿಕಾರವನ್ನು ತ್ಯಜಿಸಬಹುದೇ ಎಂಬುದು ಧರ್ಮಚಿಂತನೆಯ ಹಳೆಯ ಪ್ರಶ್ನೆ. ಸಂನ್ಯಾಸಮಾರ್ಗ ಪದವಿಯನ್ನೇ ಬಿಡಿಸುತ್ತದೆ. ಗೀತೆಯ ಕರ್ಮಯೋಗ ಕೆಲಸವನ್ನು ಉಳಿಸಿ, ಫಲದ ಮೇಲಿನ ಆಸೆಯನ್ನು ಬಿಡಿಸುತ್ತದೆ. ಇಸ್ಲಾಮಿನಲ್ಲಿ ಅಧಿಕಾರ ನಂಬಿಕೆಯ ಮೇಲೆ ಇಟ್ಟುಹೋದ ಇಡುಗಂಟು. ಅದಕ್ಕೆ ಲೆಕ್ಕ ಒಪ್ಪಿಸಲೇಬೇಕು. ಸಂಪತ್ತಿನ ಮಟ್ಟಿಗೆ ಗಾಂಧೀಜಿಯ ಧರ್ಮದರ್ಶಿತ್ವದ ನಿಲುವೂ ಇದಕ್ಕೆ ಸಮೀಪದ್ದು.

ಈ ಪ್ರಶ್ನೆಗೆ ರಾಜಕೀಯದಲ್ಲಿ ಸಿಕ್ಕ ಒಂದು ಉತ್ತರ ಅಬ್ದುಲ್ ನಜೀರ್ ಸಾಬ್ ಅವರ ಸಚಿವಾವಧಿ. ಗುಂಡ್ಲುಪೇಟೆಯವರಾದ ಅವರು 1983ರಲ್ಲಿ ಅಧಿಕಾರಕ್ಕೆ ಬಂದ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದರು. ಬರಪೀಡಿತ ಹಳ್ಳಿಗಳಲ್ಲಿ ಕೊಳವೆಬಾವಿ ಕೊರೆಸಿ, ಕೈಪಂಪು ಹಾಕಿಸಿ ಕುಡಿಯುವ ನೀರು ಕೊಟ್ಟಿದ್ದಕ್ಕೆ ಜನ ಅವರನ್ನು 'ನೀರ್ ಸಾಬ್' ಎಂದೇ ಕರೆದರು. ಬಾವಿ ತೋಡಿಸುವುದು ನಮ್ಮಲ್ಲಿ ಹಿಂದಿನಿಂದಲೂ ಪುಣ್ಯದ ಕೆಲಸ. ಆದರೆ ದಾನದಲ್ಲಿ ಒಂದು ತೊಡಕಿದೆ: ಕೊಡುವ ಕೈ ಮೇಲೆ, ಬೇಡುವ ಕೈ ಕೆಳಗೆ. ನೀರು ಬಂದರೂ ಹಳ್ಳಿಗರು ಅರ್ಜಿದಾರರಾಗಿಯೇ ಉಳಿಯುತ್ತಾರೆ.

ಅವರ ಎರಡನೆಯ ಕೆಲಸ ಈ ತೊಡಕಿಗೇ ಕೈಹಾಕಿತು. ಪಂಚಾಯತ್ ರಾಜ್ ಕುರಿತ 1983ರ ಕಾಯ್ದೆಯ ಪ್ರಕಾರ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳು ರಚನೆಯಾದವು. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇ. 25ರಷ್ಟು ಸ್ಥಾನ ಮೀಸಲಾಯಿತು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ದೊರೆಯಿತು. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಹುದ್ದೆಗೆ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ ಬಂದರು. ವಿಧಾನಸೌಧದಲ್ಲಿ ಆಗುತ್ತಿದ್ದ ಎಷ್ಟೋ ತೀರ್ಮಾನಗಳು ಜಿಲ್ಲೆಗೆ ಇಳಿದವು. ಸಚಿವರೊಬ್ಬರು ರಾಜೀನಾಮೆ ಕೊಡದೆ ತಮ್ಮ ಖಾತೆಯ ಬಲವನ್ನು ತಾವೇ ಹಂಚಿಬಿಟ್ಟರು. ಇದು ಸಂನ್ಯಾಸವಲ್ಲ, ಕರ್ಮಯೋಗಕ್ಕೆ ಹತ್ತಿರವಾದ ತ್ಯಾಗ.

ಇದಕ್ಕೊಂದು ಆಕ್ಷೇಪವಿದೆ. ಮೇಲಿನವರು ಮನಸ್ಸು ಮಾಡಿ ಕೊಟ್ಟದ್ದನ್ನು ಮೇಲಿನವರೇ ಕಿತ್ತುಕೊಳ್ಳಬಹುದು. ಹಾಗೆ ಕೊಟ್ಟದ್ದು ಕೃಪೆಯಾದೀತೇ ಹೊರತು ಹಕ್ಕಾಗದು. ಮುಂದಿನ ಘಟನೆಗಳು ಈ ಮಾತಿಗೆ ಪುಷ್ಟಿ ಕೊಟ್ಟವು. ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಆ ಸಂಸ್ಥೆಗಳ ಅವಧಿ ಮುಗಿದಾಗ ಹೊಸ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದು ಕೂತರು.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಐದು ವರ್ಷಕ್ಕೊಮ್ಮೆ ಪಂಚಾಯಿತಿ ಚುನಾವಣೆಯನ್ನು ಕಡ್ಡಾಯ ಮಾಡಿತು. ನಡುವೆ ವಿಸರ್ಜನೆಯಾದರೆ ಆರು ತಿಂಗಳೊಳಗೆ ಚುನಾವಣೆ ನಡೆಯಬೇಕೆಂದಿತು. ಮಹಿಳೆಯರಿಗೆ ಕನಿಷ್ಠ ಮೂರನೇ ಒಂದರಷ್ಟು ಸ್ಥಾನ ಮೀಸಲಿಟ್ಟಿತು. ಅಧಿಕಾರ ಬಿಡಲು ಒಬ್ಬ ಸಜ್ಜನನ ಸಂಕಲ್ಪ ಸಾಕು; ಬಿಟ್ಟದ್ದು ಜನರ ಬಳಿಯೇ ಉಳಿಯಬೇಕಾದರೆ ಮುಂದೆ ಬರುವವರ ಕೈಯನ್ನೂ ಕಟ್ಟುವ ಕಾನೂನು ಬೇಕು.